ಉಮೇಶ ಹೇಳಿದ ಓಟ್ಸ್

"ಮೇಡಂ, ಇದರಾಗ ಎಲ್ಲಕ್ಕಿಂತ ಹಳೇದು ಯಾವ್ದು ನೋಡಿ ಕೊಡ್ರಿ."

ತಿರುಗಿ ನೋಡಿದೆ. ಎತ್ತರದ ಆಳು. ತೋಳು ಮಡಿಚಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಹೆಗಲ ಮೇಲೆ ಅಕ್ಕಿ ತೌಡಿನ ಪುಡಿ. ಎರಡೂ ಕೈಯಲ್ಲಿ ಒಂದೊಂದು ಓಟ್ಸ್ ಪ್ಯಾಕೆಟ್ ಹಿಡಿದು ತಾರೀಖು ಹೋಲಿಸುತ್ತಿದ್ದ. ನನ್ನ ಕೊರಳಲ್ಲಿದ್ದ ಶಾಲೆಯ ಐಡಿ ಕಾರ್ಡ್ ನೋಡಿ ಸೂಪರ್ ಮಾರ್ಕೆಟ್ಟಿನವಳೆಂದು ತಿಳಿದಿದ್ದ.

ರಾಯಚೂರಿನಲ್ಲಿ ಯಾರೇ ಆಗಲಿ, ಹೊಸ ತಾರೀಖಿನ ಮಾಲು ಬೇಕೆಂದು ರ‍್ಯಾಕಿನ ಹಿಂದಿನ ಸಾಲಿಗೆ ಕೈ ಹಾಕುತ್ತಾರೆ. ಇವನಿಗೆ ಹಳೆಯದು ಬೇಕು! ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅಂಗಡಿಯ ಸ್ಪೀಕರಿನಲ್ಲಿ ಗಂಟೆಗಟ್ಟಲೆ ಉಲಿಯುವ ಹೆಂಗಸಿನ ದನಿ ತೆಗೆದೆ.

"ಪ್ರಿಯ ಗ್ರಾಹಕರೇ, ಹಳೆಯ ಮಾಲಿಗಾಗಿ ದಯವಿಟ್ಟು ಅಂಗಡಿಯ ಹಿಂದಿರುವ ಕಸದ ತೊಟ್ಟಿಯನ್ನು ಸಂಪರ್ಕಿಸಿ. ಧನ್ಯವಾದಗಳು."

ಅವನು ಒಂದು ಗಳಿಗೆ ಮೇಲಿನ ಸ್ಪೀಕರ್ ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ಎಷ್ಟು ಜೋರಾಗಿ ನಕ್ಕನೆಂದರೆ, ಬಿಸ್ಕಿಟ್ ಸಾಲಿನವರೆಲ್ಲ ಈ ಕಡೆ ಇಣುಕಿದರು.

"ನೀವು ಅಂಗಡಿಯವರಲ್ಲೇನ್ರಿ?"

"ಅಲ್ರಿ. ಗಬ್ಬೂರು ಹೈಸ್ಕೂಲಿನ್ಯಾಗ ಸೈನ್ಸ್ ಟೀಚರ್. ನಾನೂ ಓಟ್ಸ್ ಒಯ್ಯಾಕ ಬಂದೀನಿ. ಹೊಸಾವು."

ಹೆಸರು ಬಸವಪ್ರಸಾದ. ಊರು ಮಾನ್ವಿ, ಮನೆತನದ ಅಕ್ಕಿ ಗಿರಣಿ. ಅಪ್ಪ ಈರಯ್ಯನವರಿಗೆ ಶುಗರ್ ಬಂದು, ಮುಂಜಾನೆಯ ಅನ್ನ ಬಂದ್ ಮಾಡಿ ಓಟ್ಸ್ ಗಂಜಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಗಿರಣಿಯ ಮನೆಗೆ ಇದಕ್ಕಿಂತ ದೊಡ್ಡ ಅವಮಾನವುಂಟೇ? ಅವರ ಓಣಿಯಲ್ಲಿ ಓಟು ಹಾಕಿದವರಿದ್ದರು, ಓಟ್ಸ್ ಹಾಕಿದವರು ಯಾರೂ ಇರಲಿಲ್ಲ. ಅದಕ್ಕೇ ಮಗ ಗುಟ್ಟಾಗಿ ರಾಯಚೂರಿಗೆ ಬಂದಿದ್ದ.

"ಹಳೇ ಅಕ್ಕಿಗೇ ಕಿಮ್ಮತ್ತು ಅಲ್ಲೇನ್ರಿ? ವರ್ಷ ತುಂಬಿದ್ರ ಅನ್ನ ಮಲ್ಲಿಗಿ ಮೊಗ್ಗು ಇದ್ದಂಗ ಆಗ್ತದ. ಇದೂ ಕಾಳೇ ಮತ್ತ."

"ಅಕ್ಕಿಗೆ ಖರೇ. ಓಟ್ಸಿನ್ಯಾಗ ಎಣ್ಣಿ ಅಂಶ ಜಾಸ್ತಿ. ಹಳೇದಾದ್ರ ಶೇಂಗಾ ಮುಗ್ಗಿದಂಗ ಕಹಿ ಬರ್ತದ."

ನಂಬಲಿಲ್ಲ. ಹಳೆಯದನ್ನೇ ಬುಟ್ಟಿಗೆ ಹಾಕಿಕೊಂಡ. ಹೋಗುವಾಗ ತಿರುಗಿ ನಿಂತು ಕೇಳಿದ: "ಕಹಿ ಆದ್ರ ಯಾರಿಗೆ ಕಂಪ್ಲೇಂಟ್ ಮಾಡ್ಲಿ?"

"ನನಗೇ ಮಾಡ್ರಿ. ನಗಾಕ ಬೇಕಾಗ್ತದ," ಎಂದು ನಂಬರ್ ಕೊಟ್ಟೆ.

ಮರುದಿನ ದೇವದುರ್ಗದ ಬಸ್ಸಿನಲ್ಲಿ ಗಬ್ಬೂರಿಗೆ ಹೋಗುವಾಗ ಅವನ ವಾಯ್ಸ್ ಮೆಸೇಜ್ ಬಂತು. ಮೊದಲು ಹಿಂದಿನಿಂದ ಈರಯ್ಯನವರ ಗುಡುಗು: "ಲೇ ಪ್ರಸಾದ, ಇದೇನು ಗಂಜಿ ಏನೋ, ಗ್ವಾಡಿಗೆ ಪೋಸ್ಟರ್ ಹಚ್ಚೋ ಅಂಟೋ? ಕಹಿ ಬ್ಯಾರೆ! ಕುದುರಿ ಸೈತ ಒದ್ದು ಹೋಗ್ತದ!" ಆಮೇಲೆ ಅವನ ಸಣ್ಣ ದನಿ: "ನೀವು ಹೇಳಿದ್ದು ಖರೇ ಆತ್ರಿ. ಮಾನ್ವಿಯಿಂದ ಒಂದು ಮನವಿ. ಭಾನುವಾರ ಬರ್ತೀರೇನು? ಈ ಸಲ ನೀವೇ ಆರಿಸಿ ಕೊಡ್ರಿ."

ಅಪ್ಪನ ಗುಡುಗು ಕೇಳಿ ನಕ್ಕೆ. ಮಗನ ದನಿಯನ್ನು ಗಬ್ಬೂರು ಬರುವವರೆಗೂ ಕೇಳಿದೆ.

ಭಾನುವಾರ ಓಟ್ಸ್ ಸಾಲಿನ ಮುಂದೆ ನನ್ನ ಪಾಠ ಶುರುವಾಯಿತು.

"ಮೊದ್ಲು ಪ್ಯಾಕೆಟ್ಟಿನ ಹಿಂದ ಓದ್ರಿ. ಏನೇನು ಹಾಕ್ಯಾರ ಅನ್ನೋ ಕಡಿ ಓಟ್ಸ್ ಅಂತ ಒಂದೇ ಹೆಸರು ಇರಬೇಕು. ಸಕ್ರಿ, ಉಪ್ಪು, ಮಸಾಲಿ ಅಂತ ಬಳಗ ಬಂದಿದ್ರ ವಾಪಸ್ ಇಡ್ರಿ."

"ಬಳಗ ಇರಬಾರದೇನ್ರಿ?"

"ಓಟ್ಸಿಗೆ ಇರಬಾರದು."

"ಟೀಚರಿಗೆ?"

"ಟೀಚರಿಗೆ ಚಂದ್ರಬಂಡದಾಗ ಅಪ್ಪ-ಅವ್ವ ಅದಾರ. ಪ್ಯಾಕೆಟ್ ನೋಡ್ರಿ, ನನ್ನನ್ನಲ್ಲ."

ಪ್ಯಾಕೆಟ್ ನೋಡಿದ. ಕಿವಿ ಮಾತ್ರ ಕೆಂಪಾಗಿದ್ದವು.

"ನೀವು ಒಯ್ದದ್ದು ಇನ್‌ಸ್ಟಂಟ್. ತೆಳ್ಳಗ, ಪುಡಿಪುಡಿ. ನೀರು ಕಂಡ್ರ ಸಾಕು, ಅಂಟಾಗ್ತದ. ತಿಂದ ಸ್ವಲ್ಪ ಹೊತ್ತಿಗೆ ಮತ್ತ ಹಸಿವು. ಇದು ರೋಲ್ಡ್, ದಪ್ಪ ಅವಲಕ್ಕಿ ಇದ್ದಂಗ, ನಾ ತಿನ್ನೂದು ಇದೇ. ಇದು ಸ್ಟೀಲ್ ಕಟ್. ಕಾಳನ್ನ ಒತ್ತದೆ ಬರೇ ಕತ್ತರಿಸಿರ್ತಾರ. ಕುದಿಯಾಕ ಹೊತ್ತು ಬೇಕು, ಆದ್ರ ಶುಗರ್ ಇದ್ದವರಿಗೆ ಚಲೋ."

ಅವನು ಸ್ಟೀಲ್ ಕಟ್ ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ. ಕಣ್ಣು ಅರಳಿದವು.

"ಏ, ಇದು ಥೇಟ್ ಜೋಳದ ನುಚ್ಚು! ನಮ್ಮಪ್ಪಗ ನುಚ್ಚು-ಮಜ್ಜಿಗಿ ಅಂದ್ರ ಜೀವ. ಹಾಲಿನ್ಯಾಗ ಯಾಕ ಮಾಡ್ಬೇಕು, ಮಜ್ಜಿಗ್ಯಾಗ ಮಾಡಿದ್ರ?"

ಅದು ನನಗೆ ಹೊಳೆದಿರಲಿಲ್ಲ. "ಜೀರಗಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣಿ ಕೊಟ್ರ?" ಎಂದೆ.

ಇಬ್ಬರಿಗೂ ಒಟ್ಟಿಗೇ ಬಾಯಲ್ಲಿ ನೀರು.

ಬಿಲ್ ಮಾಡಿಸಿ ಹೊರಗಿನ ಮೆಟ್ಟಿಲ ಮೇಲೆ ಡಬ್ಬಿ ಒಡೆದ. ಒಂದು ಚಿಟಿಕೆ ಅಂಗೈಗೆ ಸುರಿದು, ಹೆಬ್ಬೆರಳಿನಿಂದ ಉಜ್ಜಿ, ಊದಿ, ಕೈಯನ್ನು ನನ್ನ ಮುಂದೆ ಹಿಡಿದ. "ವಾಸನಿ ನೋಡ್ರಿ."

ಬಗ್ಗಿದೆ. ಆಗತಾನೆ ಹುರಿದ ಶೇಂಗಾದಂಥ ತಿಳಿಯಾದ ವಾಸನೆ. ಅಂಗೈಯ ಗೆರೆಗಳಲ್ಲಿ ತೌಡು ಕೂತಿತ್ತು. ಕಾಳು ಹಾರಬಾರದೆಂದು ಅವನು ಉಸಿರು ಹಿಡಿದಿದ್ದ. ನಾನು ಯಾಕೆ ಹಿಡಿದಿದ್ದೆನೋ ಗೊತ್ತಿಲ್ಲ. ತಲೆ ಎತ್ತಿದರೆ ನನ್ನನ್ನೇ ನೋಡುತ್ತಿದ್ದ. ಗಿರಣಿಯವರು ಸ್ಯಾಂಪಲ್ ಅಕ್ಕಿ ನೋಡುವುದು ಹಾಗೆ: ಅವಸರವಿಲ್ಲ, ಒಂದು ಕಾಳನ್ನೂ ಬಿಡುವುದಿಲ್ಲ.

"ಪಾಸೇನ್ರಿ?" ಎಂದೆ.

"ಓಟ್ಸ್ ಏನ್ರಿ?"

"ಮತ್ತಿನ್ನೇನು?"

"ಓಟ್ಸೂ ಪಾಸು," ಎಂದ.

ಮಜ್ಜಿಗೆಯ ಗಂಜಿಯನ್ನು ಈರಯ್ಯ ಬೈಯದೆ ಉಂಡರಂತೆ. ಆ ಮನೆಯಲ್ಲಿ ಬೈಯದಿರುವುದೇ ಹೊಗಳಿಕೆ. ಆಮೇಲೆ ಭಾನುವಾರಗಳೆಲ್ಲ ಓಟ್ಸಿನವಾದವು. ಇಷ್ಟೊಂದು ಓಟ್ಸನ್ನು ಒಬ್ಬ ಮನುಷ್ಯ ತಿನ್ನಲಾರ. ಅದು ನಮಗಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಕೇಳಲಿಲ್ಲ.

ಒಂದು ಮುಂಜಾನೆ ಬಸ್ಸಿನಲ್ಲಿದ್ದಾಗ ಅವನ ನಂಬರಿನಿಂದ ಫೋನ್ ಬಂತು. ಎತ್ತಿದರೆ ಹೆಂಗಸಿನ ದನಿ.

"ಯಪ್ಪಾ, ಉಮೇಶ ಏನಪಾ? ನಾ ಪ್ರಸಾದನ ಅವ್ವ ಹಂಪಮ್ಮ. ಅಂವ ಫೋನ್ ಬಿಟ್ಟು ಗಿರಣಿಗೆ ಹೋಗ್ಯಾನ. ಓಟ್ಸ್ ಹೇಳಿಕೊಡಾಂವ ಉಮೇಶ ಅಂತಿದ್ದ, ನಿನ್ನ ಹೆಸರು ನೋಡಿ ಒತ್ತಿದೆ. ಈ ನುಚ್ಚಿಗೆ ನೀರು ಎಷ್ಟು ಇಡ್ಲಿ?"

ಉಮೇಶ! ಉಮಾದೇವಿ ಎಂಬ ನನ್ನನ್ನು ಮೊಬೈಲಿನಲ್ಲಿ ಉಮೇಶ ಮಾಡಿಟ್ಟಿದ್ದ. ಫೋನ್ ಕಟ್ ಮಾಡಬಹುದಿತ್ತು. ಆದರೆ ಒಲೆಯ ಮೇಲೆ ಪಾತ್ರೆ ಇತ್ತು, ಉಣ್ಣುವವರಿಗೆ ಶುಗರ್ ಇತ್ತು. ಗಂಟಲು ಕೆರೆದು ನಮ್ಮ ಹೆಡ್‌ಮಾಸ್ತರ್ ಆಂಜನೇಯ ಸರ್ ದನಿ ತೆಗೆದೆ.

"ಹ್ಹಾಂ... ಏನಪಾ ಅಂದ್ರ... ಒಂದು ಬಟ್ಟಲಿಗೆ ನಾಕು ಬಟ್ಟಲು ನೀರ್ರಿ. ಮುಂಚೆ ನೆನಿಯಿಟ್ಟಿದ್ರ ಒಂದು ಕಮ್ಮಿ. ಉರಿ ಸಣ್ಣದಿರ್ಲಿ. ಮಜ್ಜಿಗಿ ಮಾತ್ರ ಆರಿದ ಮ್ಯಾಲೇ ಹಾಕ್ರಿ, ಇಲ್ಲಂದ್ರ ಒಡೀತದ."

ಪಕ್ಕದ ಸೀಟಿನ ಅಜ್ಜಿ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಆವತ್ತಿನಿಂದ ಹಂಪಮ್ಮ ಉಮೇಶನಿಗೆ ಅಂಟಿಕೊಂಡರು. ಒಗ್ಗರಣೆಗೆ ಎಣ್ಣೆ ಎಷ್ಟು, ಬೆಳ್ಳುಳ್ಳಿ ಹಾಕಬಹುದೇ, ಮಾನ್ವಿಯ ಅಂಗಡಿಯ ಮಸಾಲೆ ಓಟ್ಸ್ ನಡೆಯುತ್ತದೆಯೇ. ಈರಯ್ಯನವರ ಶುಗರ್ ಇಳಿಯಿತು, ಮನೆಯಲ್ಲಿ "ಉಮೇಶ ಹೇಳ್ಯಾನ" ಎಂಬುದು ಕಾಯಿದೆಯಾಯಿತು. ಪ್ರಸಾದನಿಗೆ ಇದನ್ನೆಲ್ಲ ಅಭಿನಯಿಸಿ ತೋರಿಸಿದರೆ ಹೊಟ್ಟೆ ಹಿಡಿದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ನಗು ನಿಂತದ್ದು ಒಂದು ಸಂಜೆ, ಹಂಪಮ್ಮ ಬಹಳ ಪ್ರೀತಿಯಿಂದ ಕೇಳಿದಾಗ. "ಉಮೇಶ, ಯಪ್ಪಾ, ನೀವು ಯಾರ ಪೈಕಿ?"

ನನ್ನ ಗಂಟಲಲ್ಲಿ ಹೆಡ್‌ಮಾಸ್ತರಿದ್ದಾರೆ, ಬಸ್ ಕಂಡಕ್ಟರಿದ್ದಾನೆ, ಸ್ಪೀಕರಿನ ಹೆಂಗಸಿದ್ದಾಳೆ. ಆ ಪ್ರಶ್ನೆಗೆ ಅವರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಫೋನ್ ಇಟ್ಟುಬಿಟ್ಟೆ.

ಭಾನುವಾರ ಮೆಟ್ಟಿಲ ಮೇಲೆ ಅವನಿಗೆ ಹೇಳಿದೆ: "ನಿಮ್ಮವ್ವ ನಾ ಯಾರ ಪೈಕಿ ಅಂತ ಕೇಳಿದ್ರು."

ಅವನ ಮುಖದ ನಗು ಹಾಗೇ ಕೂತಿತು, ಆಮೇಲೆ ಇಳಿಯಿತು. "ಏನಾದ್ರೂ ಒಂದು ಹೇಳಬೇಕಿತ್ರಿ. ಅಕಿಗೇನು ಗೊತ್ತಾಗ್ತದ?"

"ಫೋನಿನ್ಯಾಗ ಗಂಡಸಾದೆ, ಸರಿ. ಅದು ಚ್ಯಾಷ್ಟಿ. ಈಗ ಅಪ್ಪನನ್ನೂ ಬದಲಿ ಮಾಡ್ಲೇನು?"

"ಹಂಗಲ್ಲ..."

"ನಮ್ಮಪ್ಪ ಸುಂಕಪ್ಪ. ಅಕ್ಕಿ ಗಿರಣಿಯೊಳಗ ಚೀಲ ಹೊತ್ತು ನನ್ನ ಬಿ.ಎಡ್ ಓದಿಸ್ಯಾನ. ನಮ್ಮ ಮನ್ಯಾಗ ಬುದ್ಧನ ಫೋಟೋ ಅದ. ಇದನ್ನ ನಾ ಯಾರ ದನಿಯೊಳಗೂ ಹೇಳೂದಿಲ್ಲ. ನಿಮ್ಮ ದನಿಯೊಳಗ ನೀವು ಹೇಳ್ರಿ. ಹೇಳಾಕ ಆಗೂದಿಲ್ಲಂದ್ರ ಓಟ್ಸ್ ಆರಿಸೋದು ಕಲ್ತೀರಿ, ನಾ ಬೇಕಾಗೂದಿಲ್ಲ."

ಅವನು ಅಂಗೈ ತಿಕ್ಕುತ್ತ ತಲೆ ತಗ್ಗಿಸಿದ. ನಾನು ಕೋಣೆಗೆ ಬಂದು ಅವನ ನಂಬರಿಗೆ ರಿಂಗ್ ಬಾರದಂತೆ ಮಾಡಿದೆ.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದಿಲ್ಲ. ಶಾಲೆಗೆ ಹೋದೆ, ಪಾಠ ಮಾಡಿದೆ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರ ದನಿ ಮಾಡು ಎಂದು ಕೇಳಿದರೆ ಗಂಟಲು ನೋವು ಎಂದೆ. ಗಂಜಿ ಕುದಿಸುವಾಗ ಮಜ್ಜಿಗೆ ಬಿಟ್ಟು ಹಾಲು ಹಾಕಿದೆ. ಅರ್ಧ ಬಿಟ್ಟೆ.

ಡಬ್ಬಿ ಖಾಲಿಯಾದ ಭಾನುವಾರ ಹೋಗದೆ ವಿಧಿಯಿರಲಿಲ್ಲ. ಅದೇ ಸಾಲು. ಅಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬರು ಕನ್ನಡಕ ಮೂಗಿನ ತುದಿಗೆ ಜಾರಿಸಿ ಪ್ಯಾಕೆಟ್ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಅವನು. ಸೊರಗಿದ್ದ. ನಾನು ಬಂದ ದಾರಿಗೆ ತಿರುಗಿದೆ.

"ಉಮಾದೇವೀ!"

ಅಂಗಡಿಗೆ ಅಂಗಡಿಯೇ ಕೇಳುವಂತೆ ಕರೆದ. ಇಷ್ಟು ದಿನ ಮೇಡಂ ಆಗಿದ್ದೆ, ಟೀಚರ್ ಆಗಿದ್ದೆ, ಉಮೇಶ ಸೈತ ಆಗಿದ್ದೆ. ಉಮಾದೇವಿ ಆದದ್ದು ಆಗಲೇ.

"ಯವ್ವಾ," ಎಂದು ತಾಯಿಯ ಕಡೆ ತಿರುಗಿದ. ದನಿ ನಡುಗುತ್ತಿತ್ತು, ನಿಲ್ಲಲಿಲ್ಲ. "ಉಮೇಶ ಅಂಬಾಂವ ಯಾರೂ ಇಲ್ಲ. ಫೋನಿನ್ಯಾಗ ಮಾತಾಡಿದಾಕಿನೇ ಇಕಿ. ಉಮಾದೇವಿ. ಚಂದ್ರಬಂಡದ ಸುಂಕಪ್ಪನ ಮಗಳು. ಅವರಪ್ಪ ನಮ್ಮಂಥವರ ಗಿರಣ್ಯಾಗ ಚೀಲ ಹೊತ್ತಾಂವ, ಬುದ್ಧನ ಪೂಜಿ ಮಾಡೋರು. ಇಕಿ ಹೂಂ ಅಂದ್ರ ನಾ ಇಕಿನ್ನ ಮದ್ವಿ ಆಗ್ತೀನಿ. ಮೊದ್ಲೇ ಹೇಳಬೇಕಿತ್ತು. ಅಂಜಿದ್ದೆ."

ಬಿಸ್ಕಿಟ್ ಸಾಲಿನವರು ಬಿಸ್ಕಿಟ್ ಆರಿಸುವುದನ್ನು ನಿಲ್ಲಿಸಿದರು. ಹಂಪಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಪ್ಯಾಕೆಟ್ ರ‍್ಯಾಕಿಗೆ ಇಟ್ಟರು, ಮತ್ತೆ ತೆಗೆದುಕೊಂಡರು.

"ಹೆಂಡ್ತಿ ಸತ್ತಾಂವ ಅಂತ ತಿಳಿದಿದ್ನಲ್ಲಬೇ," ಎಂದರು.

"ಯಾರ್ರಿ?"

"ಉಮೇಶ! ಗಂಡಸಾಗಿ ಒಗ್ಗರಣಿ ಇಷ್ಟು ಬರೋಬರಿ ಹೇಳ್ತಾನಂದ್ರ ಪಾಪ, ಮನ್ಯಾಗ ಯಾರೂ ಇಲ್ಲೇನೋ ಅಂತ. ಅದಕ್ಕ ಯಾರ ಪೈಕಿ ಅಂತ ಕೇಳಿದ್ದು. ನಮ್ಮ ಅಕ್ಕನ ಮಗಳು ಕಾವ್ಯಾನ್ನ ಕೊಡಾಕ ನೋಡಿದ್ದೆ ಅಂವಗ!"

ನನಗೆ ನಗು ಬಂತು. ಅದೇ ಹೊತ್ತಿಗೆ ಕಣ್ಣಲ್ಲಿ ನೀರೂ ಬಂತು. ಹಂಪಮ್ಮ ಮಾತ್ರ ನಗಲಿಲ್ಲ.

"ನಿನ್ನ ಮನಿ ಎಲ್ಲದ?"

"ಇಲ್ಲೇ ಹಿಂದಿನ ಓಣ್ಯಾಗ ರೂಮದ್ರಿ."

"ನಡಿ."

ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಗೋಡೆಯ ಮೇಲಿನ ಬುದ್ಧನನ್ನು ನೋಡಿದರು. ಒಳಗೆ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕುಂತರು. ನೀರು ಕೊಟ್ಟೆ; ಲೋಟ ಪಕ್ಕಕ್ಕಿಟ್ಟರು. ಪ್ರಸಾದ ಬಾಗಿಲಲ್ಲಿ ನಿಂತು ಲೋಟವನ್ನೇ ನೋಡುತ್ತಿದ್ದ. ನಾನೂ ಅದನ್ನೇ ನೋಡುತ್ತಿದ್ದೆ.

"ಮಾಡಬೇ, ನೋಡ್ತೀನಿ," ಎಂದರು.

ಮುಂಜಾನೆ ಡಬ್ಬಿಯ ತಳ ಬಳಿದು ನೆನೆಸಿಟ್ಟದ್ದನ್ನು ಒಲೆಗೆ ಏರಿಸಿದೆ. ಸಣ್ಣ ಉರಿ. ಪಾತ್ರೆ ಗೊಣಗುತ್ತಿತ್ತು. ಗಂಜಿ ಆರಲು ಬಿಟ್ಟಾಗ ಹಂಪಮ್ಮ ಗೋಡೆಗೆ ಹೇಳಿದಂತೆ ಹೇಳಿದರು: "ನಮ್ಮನಿಯವರಿಗೆ ನಾ ಹೇಳೂದಿಲ್ಲ. ಇಂವ ಹೇಳ್ಬೇಕು. ಬೈತಾರ, ಗಿರಣಿ ಬಿಟ್ಟು ಹೋಗು ಅಂತಾರ. ಕೇಳ್ಬೇಕು. ನಿಮ್ಮಪ್ಪನ ಮನಿಗೆ ನಾವೇ ಹೋಗ್ಬೇಕಾಗ್ತದ. ಅದು ಸುಲಭ ಅಲ್ಲ. ನಾ ಬ್ಯಾಡ ಅನ್ನೂದಿಲ್ಲ. ನನ್ನ ಕಡಿಂದ ಅಷ್ಟೇ ಆಗೂದು."

"ನಾ ಹೇಳ್ತೀನಿ, ಯವ್ವಾ. ಇವತ್ತೇ ಹೇಳ್ತೀನಿ," ಎಂದ ಪ್ರಸಾದ.

ಮಜ್ಜಿಗೆ ಬೆರೆಸಿ, ಒಗ್ಗರಣೆ ಹಾಕಿ, ಬಟ್ಟಲು ಅವರ ಕೈಗೆ ಕೊಟ್ಟೆ. ಹಂಪಮ್ಮ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡರು. ಪ್ರಸಾದ ಬಾಗಿಲ ಚೌಕಟ್ಟು ಹಿಡಿದಿದ್ದ. ಅವರು ಚಮಚ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ಇನ್ನೊಂದು ಚಮಚ. ಖಾರಕ್ಕೆ ಹ್ಹಾ ಎಂದು, ಕೈ ಚಾಚಿ ಲೋಟ ತೆಗೆದುಕೊಂಡು ನೀರು ಕುಡಿದರು.

"ಖಾರ ಜಾಸ್ತಿ ಅದ," ಎಂದರು. "ನಿಮ್ಮ ಮಾವಗ ಮಾಡಾಗ ಒಂದು ಮೆಣಸಿನಕಾಯಿ ಕಮ್ಮಿ ಹಾಕು."

ಬಾಗಿಲ ಕಡೆ ನೋಡಿದೆ. 'ಇಕಿ ಹೂಂ ಅಂದ್ರ' ಎಂಬ ಅವನ ಮಾತು ಅಂಗಡಿಯಿಂದ ಇಲ್ಲಿಯವರೆಗೂ ಹಾಗೇ ನಿಂತಿತ್ತು.

"ಹೂಂ," ಎಂದೆ, ನನ್ನದೇ ದನಿಯಲ್ಲಿ.