ರಾಯರ ಎಮ್ಮೆ ಕಲಿತ ಪಾಠ

"ಇಷ್ಟ ಏನೋ ಫಕೀರಪ್ಪಾ?"

ಇಂದೂಬಾಯಿ ಬಕೆಟ್ಟಿನೊಳಗೆ ಇಣುಕಿದರು. ತಳ ಮುಚ್ಚುವಷ್ಟು ಹಾಲು. ಒಂದು ವಾರದಿಂದ ಇದೇ ಗೋಳು. ಸಂಜೆ ಬಕೆಟ್ಟು ತುಂಬ ಕೊಡುವ ಎಮ್ಮೆ ಬೆಳಿಗ್ಗೆ ಬರಿದಾಗುತ್ತದೆಂದರೆ ನಸುಕಿನಲ್ಲೇ ಯಾರೋ ಬಂದು ಹಿಂಡಿಕೊಂಡು ಹೋಗುತ್ತಿದ್ದಾರೆ. ಎಮ್ಮೆಯ ಹೆಸರು ಅಪ್ಪಿ. ಅದು ಮಾತ್ರ ಹಾಯಾಗಿ ಮೆಲುಕು ಹಾಕುತ್ತಿತ್ತು.

"ದೇವರಾಣಿ ಅವ್ವಾರ, ನಾ ಮುಟ್ಟೂದ್ರಾಗ ಕೆಚ್ಚಲಾ ಸಡ್ಲ ಆಗಿತ್ರಿ."

ಅಷ್ಟರಲ್ಲಿ ನಳದ ಕಟ್ಟೆಯಿಂದ ಮತ್ತೆ ಸದ್ದು ಬಂತು. "ಖ್ಯಾ—ಕ್! ಖಳಖಳ ಖಳಖಳ! ಥೂ!"

ಇಂದೂಬಾಯಿ ಹಲ್ಲು ಕಚ್ಚಿಕೊಂಡರು. ಅವರ ಯಜಮಾನರು ಪ್ರಲ್ಹಾದರಾಯರು ಬಾಯಿ ಮುಕ್ಕಳಿಸುವುದೆಂದರೆ ಪುಣೆಯ ಶನಿವಾರ ಪೇಠೆಯ ಆ ಓಣಿಗೆಲ್ಲ ಗೊತ್ತು. ಬೆಳಿಗ್ಗೆ ಫಕೀರಪ್ಪ ಹಿಂಡಲು ಕೂತಾಗ ಸುರುವಾದರೆ ಅವನು ಎದ್ದಮೇಲೂ ನಡೆದಿರುತ್ತಿತ್ತು. ಸಂಜೆ ಅವರು ಕಾಲೇಜಿನಿಂದ ಬಂದಾಗ, ಅದೇ ಹಿಂಡುವ ಹೊತ್ತಿಗೆ, ಇನ್ನೊಮ್ಮೆ. ಲಗ್ನವಾದಂದಿನಿಂದ ಹೇಳಿ ಹೇಳಿ ಇಂದೂಬಾಯಿಗೆ ಬಾಯಿ ನೋವು ಬಂದಿತ್ತೇ ಹೊರತು ಆ ಸದ್ದು ಎಳ್ಳಷ್ಟೂ ಇಳಿದಿರಲಿಲ್ಲ.

ರಾಯರು ಮೀಸೆ ಒರೆಸಿಕೊಳ್ಳುತ್ತ ಬಂದರು. ಮಾಸ್ತರರನ್ನು ತಯಾರು ಮಾಡುವ ಕಾಲೇಜಿನಲ್ಲಿ ಅವರು ಮನಃಶಾಸ್ತ್ರ ಕಲಿಸುತ್ತಿದ್ದರು. ೧೯೩೪ರಲ್ಲಿ ಆ ಶಾಸ್ತ್ರದ ಹೆಸರು ಕೇಳಿದವರೇ ಕಡಿಮೆ. ಹಾಗಾಗಿ ಸಿಕ್ಕವರಿಗೆಲ್ಲ ಅವರು ಪಾಠ ಹೇಳುತ್ತಿದ್ದರು.

"ರಶಿಯಾದಾಗ ಒಬ್ಬ ಪಂಡಿತ ಗಂಟಿ ಬಾರಿಸಿ ನಾಯಿಗೆ ಕೂಳು ಹಾಕ್ತಿದ್ದ," ಎಂದರು. "ಕಡೀಕ ಬರೇ ಗಂಟಿ ಕೇಳಿದ್ರ ಸಾಕು, ನಾಯಿ ಜೊಲ್ಲು ಸುರಸ್ತಿತ್ತು. ಹಂಗ, ಕರು ಸತ್ತ ಮ್ಯಾಲೆ ನಮ್ಮ ಅಪ್ಪಿ ಇವನ ಕೈಗೆ ರೂಢಿ ಆಗೇದ. ಬ್ಯಾರೆಯವರು ಕೂತರ ಹನಿ ಹಾಲು ಇಳಸೂದಿಲ್ಲ. ಆದಿತವಾರ ಮಧ್ಯಾಹ್ನ ಪರೀಕ್ಷಾ ಮಾಡೇನಿ. ತಮ್ಮ ಶ್ಯಾಮನ್ನ ಕೂಡಿಸಿದೆ, ಕೆಲಸದ ಸಾವಂತ್ರವ್ವನ್ನ ಕೂಡಿಸಿದೆ. ಇಳೀತೇನು? ಅಂದ ಮ್ಯಾಲೆ ಕಳ್ಳ ಯಾರು?"

"ಅಲ್ರೀ—"

"ನಾ ಲೋಣಾವಳಾಕ್ಕ ಲಗ್ನಕ್ಕ ಹೋದಾಗೂ 'ಎಮ್ಮಿ ಹಾಲು ಕೊಡವಲ್ದು' ಅಂದಿದ್ದ. ಇವನ ಕಳವು ಆಗಿಂದನ ಸುರು ಅದ. ಫಕೀರಪ್ಪಾ, ಇವತ್ತ ಗಂಟು ಕಟ್ಟು."

ಫಕೀರಪ್ಪ ಎಮ್ಮೆಯ ಕಡೆ ತಿರುಗಿದ. ಅಪ್ಪಿ ಕರುವಾಗಿದ್ದಾಗಿನಿಂದ ಸಾಕಿದವನು. ಧಾರವಾಡದಿಂದ ಅದನ್ನು ಹೊಡೆದುಕೊಂಡು ಬಂದವನು. ಪುಣೆಯಲ್ಲಿ ಅವನದೆಂಬುದು ಆ ಎಮ್ಮೆಯೊಂದೇ. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತ. ಇಂದೂಬಾಯಿಗೆ ಸಿಟ್ಟು ಬಂತು. ಶಾಸ್ತ್ರವಂತೆ, ಪರೀಕ್ಷೆಯಂತೆ!

"ಸಂಜೀತನಕ ತಡೀರಿ," ಎಂದರು. "ಹಿಂಡೂ ಹೊತ್ತಿಗೆ ಕಳ್ಳನ್ನ ನಾ ತೋರಸ್ತೇನಿ."

ರಾಯರು ನಕ್ಕು ಕಾಲೇಜಿಗೆ ಹೊರಟರು.

ಪಾತ್ರೆ ತಿಕ್ಕುವ ಸಾವಂತ್ರವ್ವನನ್ನು ಮೊದಲು ಕೇಳಿದ್ದಾಯಿತು.

"ನಾ ಏನ್ರಿ ಅವ್ವಾರ? ಎಮ್ಮಿ ಬಾಲ ಬೀಸಿದ್ರ ಓಡಿ ಹೋಗಾಕಿ ನಾ!"

ಅದು ನಿಜ. ಆದಿತವಾರದ ಪರೀಕ್ಷೆಯ ದಿನ ಅವಳ ಕೂಗಾಟಕ್ಕೆ ಓಣಿಯೇ ಕೂಡಿತ್ತು.

ಮಹಡಿಯ ಮೇಲೆ ಬಾಡಿಗೆಗಿದ್ದ ಬೆಳಗಾವಿಯ ಬಾಳಕೃಷ್ಣರಾಯರು ಕೋರ್ಟಿನ ಗುಮಾಸ್ತರು. ಪ್ರಶ್ನೆ ಕೇಳಿದ್ದೇ ತಡ, ಅವರು ಸಿಡಿದರು.

"ನಾ ಹಾಲು ಕದೀತೇನಿ? ಕದ್ದು ಕುಡದಿದ್ರ ನಿದ್ದಿಯರ ಬರ್ತಿತ್ತಲ್ರಿ! ಮೊದಲ ನಿಮ್ಮ ಯಜಮಾನ್ರಿಗೆ ಹೇಳ್ರಿ. ಮುಂಜಾನೆ ಒಮ್ಮೆ ಬಾಯಿ ತೊಳೀತಿದ್ರು, ಹ್ಯಾಂಗೋ ತಡಕೊಂಡಿದ್ದೆ. ಈಗ ನಸುಕಿನ್ಯಾಗೂ ಸುರು ಮಾಡ್ಯಾರ!"

"ನಸುಕಿನ್ಯಾಗ? ಇವರು?"

"ಮತ್ಯಾರು? ಆ ಸದ್ದು ಬ್ಯಾರೆ ಯಾರಿಗೆ ಬರ್ತದ?"

ಇಂದೂಬಾಯಿ ಮೆಟ್ಟಿಲ ಮೇಲೇ ನಿಂತುಬಿಟ್ಟರು. ದಿನಾ ಕೇಳಿ ರೂಢಿಯಾದ ಅವರ ಕಿವಿಗೆ ನಿದ್ದೆಯಲ್ಲಿ ಆ ಸದ್ದು ಹತ್ತಿರಲಿಲ್ಲ. ನಸುಕಿನಲ್ಲಿ ಇವರು ಎದ್ದಾರೆಯೇ? ದಿನಾ ಬೆಳಕು ಹರಿದ ಮೇಲೆ ತಾವೇ ಹೊದಿಕೆ ಎಳೆದು ಎಬ್ಬಿಸಬೇಕು. ಹಾಗಾದರೆ ನಳದ ಕಟ್ಟೆಯ ಮೇಲೆ ನಿಂತು ಖ್ಯಾಕರಿಸಿದವರು ಯಾರು? ಯಾತಕ್ಕೆ?

ಮಧ್ಯಾಹ್ನ ಮೈದುನ ಶ್ಯಾಮ ಊಟಕ್ಕೆ ಬಂದ. ಕಾಯಿದೆ ಓದುವ ಹುಡುಗ. ಪುಸ್ತಕಕ್ಕಿಂತ ತಾಲೀಮಿನ ಹುಚ್ಚು ಹೆಚ್ಚು. ನಸುಕಿನಲ್ಲೇ ಎದ್ದು ಕುಸ್ತಿಗೆ ಓಡುತ್ತಿದ್ದ.

"ಇದ್ದಷ್ಟ ಹಾಲು ನೀ ಕುಡೀಪಾ," ಎಂದು ಇಂದೂಬಾಯಿ ಲೋಟ ಮುಂದಿಟ್ಟರು.

"ಬ್ಯಾಡ ವೈನಿ. ಮನ್ಯಾಗ ಕಮ್ಮಿ ಅದ. ನೀರಜಾಗ ಕೊಡ್ರಿ."

ನೀರಜಾ ಇಂದೂಬಾಯಿಯ ಸಣ್ಣ ಮಗಳು. ವಾರದಿಂದ ಶ್ಯಾಮ ಹೀಗೇ ಅನ್ನುತ್ತಿದ್ದ, ಇಂದೂಬಾಯಿಯೂ ಹುಡುಗನ ಗುಣವನ್ನು ಕೊಂಡಾಡಿದ್ದರು. ಈ ಸಲ ಮಾತ್ರ ಅವನ ಭುಜಗಳನ್ನೇ ನೋಡುತ್ತ ಕೂತರು.

ಸಂಜೆ ಎಲ್ಲರೂ ಹಿತ್ತಲಲ್ಲಿ ಸೇರಿದರು. ಫಕೀರಪ್ಪನ ಗಂಟು ಮೇವಿನ ಗ್ವಾದಲಿಯ ಪಕ್ಕದಲ್ಲಿತ್ತು. ರಾಯರು ಬಂದವರೇ ತಂಬಿಗೆ ಎತ್ತಿಕೊಂಡರು.

"ಬಾಯಿ ತೊಳೀಬ್ಯಾಡ್ರಿ," ಎಂದರು ಇಂದೂಬಾಯಿ.

"ಏನಂದಿ?"

"ಉಗುಳೂದು, ಕೆಮ್ಮೂದು ಏನೂ ಬ್ಯಾಡ. ಬಾಯಿ ಮುಚ್ಚಿ ನಿಲ್ರಿ. ಫಕೀರಪ್ಪಾ, ಕೂಡು."

ಫಕೀರಪ್ಪ ಕೂತ. ಕೆಚ್ಚಲು ತೊಳೆದ. ಎಮ್ಮೆಯ ತೊಡೆ ತಟ್ಟಿದ. ಅಪ್ಪಿ, ಅಪ್ಪಿ ಎಂದು ಕರೆದ. ಒಂದು ಹನಿಯೂ ಇಳಿಯಲಿಲ್ಲ.

ರಾಯರು ಕಣ್ಣರಳಿಸಿದರು. "ಇವನ ಕೈಗೂ ಇಲ್ಲೇನು?"

"ಲೋಣಾವಳಾಕ್ಕ ಹೋದಾಗೂ ಹಿಂಗ ಆಗಿತ್ತು. ಅವ ಖರೇನ ಹೇಳಿದ್ದ. ಆದಿತವಾರ ಎಲ್ಲಾರನ್ನೂ ಕೂಡಸಿದ್ರಿ, ಇವನ್ನ ಕೂಡಸಿದ್ರೇನು? ಇಲ್ಲ! ನೀವು ಬಾಯಿತುಂಬ ಎಲಿಅಡಕಿ ಹಾಕ್ಕೊಂಡು ಸುಮ್ಮನ ನಿಂತಿದ್ರಿ. ಅವತ್ತ ಇವ ಕೂತಿದ್ರ ಇವಗೂ ಸಿಗ್ತಿದ್ದಿಲ್ಲ."

"ಅಂದರ?"

"ಅಂದರೇನು! ಎರಡೂ ಹೊತ್ತು ಹಿಂಡೂ ಮುಂದ ಈ ಎಮ್ಮಿ ಕಿವ್ಯಾಗ ಏನು ಬೀಳ್ತದ? ನಿಮ್ಮ ಖ್ಯಾಕ್, ನಿಮ್ಮ ಖಳಖಳ! ಅದನ್ನ ಕೇಳಿದ್ರ ಅದು ಹಾಲು ಇಳಸ್ತದ. ಪುಸ್ತಕದಾಗಿನ ಗಂಟಿ ನೀವ ರೀ. ಊರಿಗೆಲ್ಲಾ ಪಾಠ ಹೇಳ್ತೀರಿ, ನಿಮ್ಮ ಸದ್ದು ನಿಮಗ ಕೇಳಸೂದಿಲ್ಲ!"

ಬಾಳಕೃಷ್ಣರಾಯರು ಮಹಡಿಯಿಂದ "ಹೌದ್ರಿ!" ಎಂದು ಕೂಗಿದರು.

"ಈಗ ನಸುಕಿನ್ಯಾಗೂ ಆ ಸದ್ದು ಬರ್ತದ. ಆಗ ಇವರು ಗೊರಕಿ ಹೊಡೀತಿರ್ತಾರ. ಫಕೀರಪ್ಪ ಓಣಿ ಆಚೆ ಮಲಗಿರ್ತಾನ. ಆ ಹೊತ್ತಿನ್ಯಾಗ ಎದ್ದಿರಾವ ಒಬ್ಬನ. ಹಾಲು ಕಮ್ಮಿ ಆದ್ರ ಮನಿ ತಲಿಮ್ಯಾಲೆ ಹೊತಗೊಳ್ಳಾವ, ವಾರದಿಂದ ಬ್ಯಾಡ ಅಂತಾನ. ಆದರೂ ಮೈ ತುಂಬೇದ. ಶ್ಯಾಮಾ, ಅಣ್ಣನ ಹಂಗ ಒಮ್ಮೆ ಮುಕ್ಕಳಿಸು. ಹಾಲು ಬರಲಿಲ್ಲಂದ್ರ ನಾ ನಿನಗ ತಪ್ಪಾತಂತೇನಿ."

ಶ್ಯಾಮ ತಂಬಿಗೆ ಮುಟ್ಟಲಿಲ್ಲ. ನೆಲ ನೋಡಿದ.

"ಅಣ್ಣ ಲೋಣಾವಳಾದಾಗ ಇದ್ದಾಗ... ನೀರಜಾನ್ನ ನಗಸಲಿಕ್ಕೆ ಅಣ್ಣನ ಹಂಗ ಮಾಡಿದೆ ವೈನಿ. ಎಮ್ಮಿ ಹಾಲು ಸೋರಲಿಕ್ಕೆ ಹತ್ತಿತು. ಮುಂದ ಕುಸ್ತಿ ಪಂದ್ಯ ಬಂತು... ತಾಲೀಮಿನ ಉಸ್ತಾದರು ಹಾಲು ಹೆಚ್ಚ ಕುಡಿ ಅಂದ್ರು. ಅಣ್ಣನ್ನ ಕೇಳಲಿಕ್ಕೆ ಅಂಜಿಕಿ."

"ಅಣ್ಣಗ ಅಂಜಿದಿ. ಈ ಮುದುಕ ಗಂಟು ಕಟ್ಟಿದಾಗ ಅಂಜಿಕಿ ಬರಲಿಲ್ಲೇನು?"

ಎಲ್ಲರೂ ರಾಯರ ಕಡೆ ನೋಡಿದರು. ರಾಯರು ಫಕೀರಪ್ಪನ ಕಡೆ ತಿರುಗಿದರು. ಅವನು ಇನ್ನೂ ಬರಿದಾದ ಬಕೆಟ್ಟಿನ ಮುಂದೆ ಕೂತೇ ಇದ್ದ. ಆಳಿನ ಎದುರು ತಪ್ಪಾಯಿತೆಂದು ರಾಯರು ಜನ್ಮದಲ್ಲಿ ಅಂದವರಲ್ಲ. ತುಟಿ ಅಲುಗಿತು. ಗಂಟಲು ಸರಿಮಾಡಿಕೊಂಡರು.

"ಖ್ಯಾ—ಕ್!"

ಅಪ್ಪಿ ಕಿವಿ ನಿಮಿರಿಸಿತು. ಫಕೀರಪ್ಪನ ಬೆರಳ ಸಂದಿಯಿಂದ ಹಾಲು ಚೊರ್ ಎಂದು ಬಕೆಟ್ಟಿಗೆ ಬಿತ್ತು.

"ಆತು ಬಿಡ್ರಿ ರಾಯರ," ಎಂದ ಫಕೀರಪ್ಪ ತಲೆ ಎತ್ತದೆ. "ಹೇಳೂದ ಬ್ಯಾಡ್ರಿ."

"ಯಾಕ ಬ್ಯಾಡ?" ಎಂದರು ಇಂದೂಬಾಯಿ. "ಹಾಲು ಬಂತಲ್ಲ, ಇನ್ನ ಮಾತೂ ಬರಲಿ."

"ತಪ್ಪಾತೋ ಫಕೀರಪ್ಪಾ," ಎಂದರು ರಾಯರು.

ಫಕೀರಪ್ಪ ಹಿಂಡುತ್ತಲೇ ಕಾಲಿನಿಂದ ತನ್ನ ಗಂಟನ್ನು ಗ್ವಾದಲಿಯ ಹಿಂದಕ್ಕೆ ತಳ್ಳಿದ.