ಬೆಣ್ಣೆ, ಏಣಿ ಮತ್ತು ಹದ್ದು

“ನೋಯ್ತಾ ಇದ್ಯಾ?” ಎಂದು ಏಣಿ ಕೇಳಿದಳು.

“ಇಲ್ವಲ್ಲ,” ಎಂದಳು ಬೆಣ್ಣೆ.

“ಮತ್ತೆ ಯಾಕೆ ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತಿದ್ದೀಯ?”

“ಸುಮ್ನೆ. ಬ್ಯಾಲೆನ್ಸ್ ಮಾಡ್ತಿದ್ದೆ.”

ಸುಳ್ಳು ಹೇಳಿದ್ದಕ್ಕೆ ಬೆಣ್ಣೆಯ ಕಿವಿ ಬಿಸಿಯಾಯಿತು. ಕಾಲಂತೂ ಆಗಲೇ ಬಿಸಿಯಾಗಿತ್ತು. ಎಡ ಅಂಗಾಲಿನ ನಡುವೆ ಶುರುವಾದ ನೋವು ಈಗ ಹಿಮ್ಮಡಿಯವರೆಗೆ ಹಬ್ಬಿತ್ತು. ಶೂ ಒಳಗೆ ಯಾರೋ ಕಾದ ಚಮಚ ಇಟ್ಟ ಹಾಗೆ.

ಅವರು ನಿಂತಿದ್ದದ್ದು ಥೀಮ್ ಪಾರ್ಕಿನಲ್ಲಿ, ತೂಗುವ ದೋಣಿಯ ಕ್ಯೂನಲ್ಲಿ. ಇಡೀ ಕ್ಲಾಸು ಅಲ್ಲಿತ್ತು. ಬೆಳಗಿನಿಂದ ಎಲ್ಲರೂ ಓಡಿದ್ದೇ ಓಡಿದ್ದು. ಇಬ್ಬಿಬ್ಬರ ಜೋಡಿ ಮಾಡಿದ್ದ ಮಿಸ್, ಬಸ್ಸು ಇಳಿಯುವಾಗಲೇ ಬೆರಳೆತ್ತಿ ಹೇಳಿದ್ದರು: “ಜೋಡಿ ಬಿಟ್ಟು ಯಾರೂ ಹೋಗೋ ಹಾಗಿಲ್ಲ. ಒಬ್ಬರು ಕೂತ್ರೆ ಇನ್ನೊಬ್ಬರೂ ಕೂರಬೇಕು. ಅರ್ಥ ಆಯ್ತಾ?”

ಅದಕ್ಕೇ ಬೆಣ್ಣೆ ಬಾಯಿ ಬಿಡುತ್ತಿರಲಿಲ್ಲ. ತಾನು ಕೂತರೆ ಏಣಿಯೂ ಕೂರಬೇಕಲ್ಲ!

ಬೆಣ್ಣೆ ಅಂದರೆ ಅವಳ ನಿಜವಾದ ಹೆಸರಲ್ಲ. ಕೆನ್ನೆ ಮುಟ್ಟಿದರೆ ಬೆಣ್ಣೆ ಮುಟ್ಟಿದ ಹಾಗಿದೆ ಎಂದು ಅಜ್ಜಿ ಕರೆದದ್ದು. ಮನೆಯೊಳಗಿನ ಆ ಹೆಸರು, ಅದು ಹೇಗೋ ಅವಳಿಗಿಂತ ಬೇಗ ನಡೆದು ಶಾಲೆ ಮುಟ್ಟಿಬಿಟ್ಟಿತ್ತು. ಏಣಿಗೆ ಆ ಹೆಸರು ಕೊಟ್ಟದ್ದು ಕ್ಲಾಸಿನವರೇ. ಬೀರುವಿನ ಮೇಲಿನ ಚಾರ್ಟ್ ತೆಗೆಯಬೇಕಾದರೆ ಮಿಸ್ ಕೂಡ ಅವಳನ್ನೇ ಕರೆಯುತ್ತಿದ್ದರು.

ದೋಣಿಯ ಕ್ಯೂನಿಂದ ಕತ್ತೆತ್ತಿದರೆ ಹದ್ದು ಕಾಣುತ್ತಿತ್ತು.

ಪಾರ್ಕಿನ ಕೊನೆಯಲ್ಲೊಂದು ಗುಡ್ಡ. ಗುಡ್ಡದ ಮೇಲೆ ಕೆಂಪು ಹಳಿ, ಆಕಾಶಕ್ಕೆ ಗೀಚಿದ ಹಾಗೆ. ಅದರ ಮೇಲೆ ರೆಕ್ಕೆ ಇರುವ ಪುಟ್ಟ ರೈಲು. ಅದರ ಹೆಸರೇ ಹದ್ದು. ಅದು ಮೆಲ್ಲಗೆ ತುದಿಗೆ ಹತ್ತಿ, ಒಂದು ಕ್ಷಣ ನಿಂತು, ರೊಯ್ಯನೆ ಕೆಳಗೆ ಎರಗುತ್ತಿತ್ತು. ಆಗ ಒಳಗಿದ್ದವರೆಲ್ಲ ಒಟ್ಟಿಗೆ ಕಿರುಚುವ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಬೆಣ್ಣೆ ಮತ್ತೆ ಅತ್ತ ಕತ್ತೆತ್ತುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಆ ಕಿರುಚಾಟದೊಳಗೆ ತನ್ನದೂ ಒಂದು ದನಿ. ಅಷ್ಟೆ.

ಇಷ್ಟು ವರ್ಷ ಎಲ್ಲಿಗೆ ಟ್ರಿಪ್ ಹೋದರೂ ಬೆಣ್ಣೆಯ ಕೆಲಸ ಒಂದೇ: ಬ್ಯಾಗ್ ಕಾಯುವುದು. ಮೃಗಾಲಯದಲ್ಲಿ ಹುಲಿ ನೋಡಲು ಎಲ್ಲರೂ ಓಡಿದಾಗ ಅವಳು ಬ್ಯಾಗುಗಳ ಜೊತೆ ಕಲ್ಲುಬೆಂಚಿನ ಮೇಲಿದ್ದಳು. ಕೋಟೆಗೆ ಹೋದಾಗ ಕೆಳಗಿನ ಮೆಟ್ಟಿಲಲ್ಲೇ ಉಳಿದಳು. ಬ್ಯಾಗುಗಳಿಗೇನೋ ಅವಳೆಂದರೆ ಬಹಳ ಪ್ರೀತಿ. ಒಂದೂ ಬಿಟ್ಟು ಓಡುತ್ತಿರಲಿಲ್ಲ. ಎಲ್ಲರೂ ಏದುಸಿರು ಬಿಡುತ್ತಾ, ನಗುತ್ತಾ ವಾಪಸು ಬಂದಾಗ “ಹೇಗಿತ್ತು? ಹೇಗಿತ್ತು?” ಎಂದು ಅವಳು ಕೇಳುತ್ತಿದ್ದಳು. “ಸೂಪರ್!” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಲು ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ.

ಈ ಸಲ ಹಾಗಾಗಬಾರದು ಎಂದು ಅವಳು ಅಮ್ಮನಿಗೆ ದುಂಬಾಲು ಬಿದ್ದಿದ್ದಳು. ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಅವಳ ಕಾಲು ಒದ್ದೆ ಮಾಡಿ ಕಾಗದದ ಮೇಲೆ ನಿಲ್ಲಿಸಿದರು. ಬೇರೆಯವರ ಹೆಜ್ಜೆ ನಡುವೆ ಒಳಗೆ ಬಾಗಿರುತ್ತದೆಯಂತೆ. ಬೆಣ್ಣೆಯದು ಮಾತ್ರ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಚಪ್ಪಟೆಯಾಗಿ ಮೂಡಿತು.

“ಇದೇನು ರೋಗ ಅಲ್ಲ ಪುಟ್ಟಿ,” ಎಂದರು ಡಾಕ್ಟರು. “ನಿನ್ನ ಕಾಲಿಗೆ ಬೇಗ ಸುಸ್ತಾಗುತ್ತೆ. ದಿನಾ ಸ್ವಲ್ಪ ಸ್ವಲ್ಪ ನಡೆದು ಗಟ್ಟಿ ಮಾಡ್ಕೋಬೇಕು. ಒಂದೇ ದಿನದಲ್ಲಿ ಆಗೋದಲ್ಲ.”

ಅಂದಿನಿಂದ ದಿನಾ ಸಂಜೆ ಅಮ್ಮ-ಮಗಳ ವಾಕಿಂಗ್. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ದಿನವೆಲ್ಲ ವಾರ್ಡಿನಲ್ಲಿ ನಿಂತು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು “ಅಬ್ಬಾ” ಎಂದು ಕೂತರೆ, ಬೆಣ್ಣೆ ಆಗಲೇ ಶೂ ಲೇಸ್ ಕಟ್ಟಿ ನಿಂತಿರುತ್ತಿದ್ದಳು. ಅಮ್ಮ ಅವಳ ಮುಖ ನೋಡಿ, ಏನೂ ಹೇಳದೆ ಮತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮನೆಯ ಹಿಂದಿನ ರಸ್ತೆ, ಹಾಲಿನ ಅಂಗಡಿ, ಗ್ಯಾರೇಜು, ವಾಪಸು. ವಾಪಸು ಬಂದ ಮೇಲೆ ಇಬ್ಬರ ಕಾಲೂ ಒಂದೇ ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ.

“ನೋವು ಬಂದ ಮೇಲೆ ಕೂರೋದಲ್ಲ ಕಣೇ,” ಎನ್ನುತ್ತಿದ್ದರು ಅಮ್ಮ. “ಬರೋಕೆ ಮುಂಚೆನೇ ಕೂತ್ಕೋಬೇಕು. ಕೂರೋದಕ್ಕೆ ನಾಚಿಕೆ ಪಟ್ರೆ ಕಾಲು ಸುಮ್ನಿರಲ್ಲ.”

ಆದರೆ ಪಾರ್ಕಿನಲ್ಲಿ ಅಮ್ಮನ ಮಾತು ಪಾಲಿಸುವುದು ಹೇಗೆ? ಒಂದು ಆಟ ಮುಗಿಯುವಷ್ಟರಲ್ಲಿ ಎಲ್ಲರೂ ಇನ್ನೊಂದರ ಕ್ಯೂನಲ್ಲಿರುತ್ತಿದ್ದರು. ಮುಂದೆ ರಾಕೆಟ್, ಹಿಂದೆ ಇಡೀ ಕ್ಲಾಸು. ರಾಕೆಟ್ ಅಂದರೆ ಓಟದಲ್ಲಿ ಫಸ್ಟ್ ಬರುವ ಹುಡುಗ. ಅವನ ಕಾಲಿಗಿಂತ ನಾಲಗೆ ಇನ್ನೂ ವೇಗ.

ಬೆಣ್ಣೆ ತನಗೆ ತೋಚಿದ್ದನ್ನೆಲ್ಲ ಮಾಡಿದಳು. ಲೇಸ್ ಬಿಚ್ಚಿ ಮತ್ತೆ ಕಟ್ಟುವ ನೆಪದಲ್ಲಿ ಕೂತಳು. ನೀರಿನ ನಲ್ಲಿ ಕಂಡಲ್ಲೆಲ್ಲ ಬಾಯಾರಿಕೆ ಎಂದಳು. ಬಾತ್‌ರೂಮಿಗೆ ಹೋಗಿ ಸಾಕ್ಸ್ ತೆಗೆದು ತಣ್ಣನೆಯ ನೆಲದ ಮೇಲೆ ಕಾಲಿಟ್ಟು ನಿಂತಳು.

ಒಂದು ವಿಚಿತ್ರ ಏನೆಂದರೆ, ಏಣಿಯೂ ಅವಸರ ಮಾಡಲಿಲ್ಲ. “ಬಾ, ಆ ಕಡೆ ಮೀನು ನೋಡೋಣ,” ಎಂದು ನಿಧಾನ ಮಾಡುತ್ತಿದ್ದಳು. ಊಟದ ಡಬ್ಬಿಯನ್ನು ಎಲ್ಲರಿಗಿಂತ ಕೊನೆಗೆ ಮುಚ್ಚಿದಳು. ಪಾಪ, ನನಗೋಸ್ಕರ ಎಷ್ಟು ಮಾಡ್ತಾಳೆ ಎಂದುಕೊಂಡಳು ಬೆಣ್ಣೆ.

ಊಟ ಆದ ಮೇಲೆ ಪಿ.ಟಿ. ಸರ್ ಚಪ್ಪಾಳೆ ತಟ್ಟಿದರು. “ಕಡೇ ರೈಡ್! ಹದ್ದು! ಆಮೇಲೆ ಸೀದಾ ಬಸ್ಸು!”

“ಹೋ!” ಎಂದು ಕ್ಲಾಸು ಗುಡ್ಡದ ಕಡೆ ನುಗ್ಗಿತು.

ಗುಡ್ಡದ ದಾರಿ ನೋಡಲು ಸಣ್ಣದು, ಹತ್ತಲು ದೊಡ್ಡದು. ಅರ್ಧಕ್ಕೆ ಬರುವಷ್ಟರಲ್ಲಿ ಬೆಣ್ಣೆಯ ಎದೆ ಕುಲುಮೆಯ ತಿದಿಯ ಹಾಗೆ ಏಳುತ್ತಾ ಬೀಳುತ್ತಾ ಇತ್ತು. ಕಾಲನ್ನು ಸೊಟ್ಟಗೆ ಊರಿ ನಡೆದಳು. ಬೇಲಿಯ ಕಂಬಿ ಹಿಡಿದು ನಿಂತಳು. ಮತ್ತೆ ನಡೆದಳು. ಮೇಲಿನಿಂದ ರಾಕೆಟ್ ಕೂಗಿದ: “ಬಿಸಿಲು ಜೋರಾಗಿದೆ! ಬೆಣ್ಣೆ ಕರಗ್ತಾ ಇದೆ, ಬೇಗ ಫ್ರಿಜ್ ತನ್ರೋ!”

ಎಲ್ಲರೂ ನಕ್ಕರು. ಬೆಣ್ಣೆ ಅತ್ತ ತಿರುಗಲಿಲ್ಲ. ಅವಳ ಕಣ್ಣು ಕೆಂಪು ಹಳಿಯ ಮೇಲೆಯೇ ಇತ್ತು. ಕೊನೆಗೆ ದಾರಿ ಸಪಾಟಾಯಿತು. ಎದುರಿಗೆ ಗೇಟು. ಬಂದಿದ್ದಳು! ಈ ಕಾಲಲ್ಲೇ ಬಂದಿದ್ದಳು! ಇನ್ನು ನಡೆಯುವ ಮಾತೇ ಇಲ್ಲ. ಹತ್ತಿ ಕೂತರೆ ಸಾಕು, ಹದ್ದೇ ಹಾರಿಸುತ್ತದೆ.

ಮಿಸ್ ಒಂದೊಂದೇ ಜೋಡಿಯ ತಲೆ ಮುಟ್ಟಿ ಒಳಗೆ ಬಿಡುತ್ತಿದ್ದರು. ಇವರ ಸರದಿ ಬಂತು.

“ಮಿಸ್,” ಎಂದಳು ಏಣಿ. “ಬೆಣ್ಣೆಗೆ ಕಾಲು ತುಂಬಾ ನೋಯ್ತಿದೆ. ನಾವಿಬ್ಬರೂ ಬರಲ್ಲ.”

ಬೆಣ್ಣೆಗೆ ಕೇಳಿದ್ದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಹೌದೇನಮ್ಮಾ?” ಮಿಸ್ ಬಗ್ಗಿ ಕೇಳಿದರು. “ಏಣಿ, ನೀನೆಷ್ಟು ಒಳ್ಳೆಯವಳು! ಫ್ರೆಂಡ್‌ಗೋಸ್ಕರ ಹದ್ದನ್ನೇ ಬಿಡ್ತೀಯಲ್ಲ!”

ಇಲ್ಲ, ನೋವಿಲ್ಲ, ಚೂರೂ ಇಲ್ಲ ಎಂದು ಕೂಗಲು ಬೆಣ್ಣೆ ಬಾಯಿ ತೆರೆದಳು. ಸಿಟ್ಟಿನಿಂದ ಏಣಿಯ ಕಡೆ ತಿರುಗಿದಳು.

ಏಣಿ ಅವಳನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಹಳಿಯ ತುದಿಯಲ್ಲಿ ನೆಟ್ಟುಬಿಟ್ಟಿತ್ತು. ತುಟಿ ಬಿಳಿಚಿತ್ತು. ಬೆಣ್ಣೆಯ ಕೈ ಹಿಡಿದಿದ್ದ ಅವಳ ಅಂಗೈ, ಅಷ್ಟು ಬಿಸಿಲಲ್ಲೂ ಮಂಜುಗಡ್ಡೆಯ ಹಾಗೆ ತಣ್ಣಗೆ, ಒದ್ದೆ ಒದ್ದೆ.

ಮೀನು ನೋಡೋಣ ಎಂದದ್ದು, ಡಬ್ಬಿ ನಿಧಾನ ಮುಚ್ಚಿದ್ದು... ಬೆಣ್ಣೆಗೆ ಥಟ್ಟನೆ ಎಲ್ಲ ಹೊಳೆಯಿತು.

“ಹೇಳು, ನೋಯ್ತಾ ಇದ್ಯಾ?” ಮಿಸ್ ಮತ್ತೆ ಕೇಳಿದರು. ಹಿಂದಿನವರು ತಳ್ಳುತ್ತಿದ್ದರು. ರೈಲು ರೆಕ್ಕೆ ಚಾಚಿ ನಿಂತಿತ್ತು. ಮುಂದಿನ ಸಾಲಿನಲ್ಲಿ ಎರಡು ಸೀಟು ಖಾಲಿ ಇದ್ದವು.

“ಹೌದು ಮಿಸ್,” ಎಂದಳು ಬೆಣ್ಣೆ. “ನೋಯ್ತಿದೆ.”

ಬೆಳಗಿನಿಂದ ಅವಳು ಆಡಿದ ಮೊದಲ ನಿಜ ಅದು. ಯಾಕೆ ಆಡಿದಳೋ ಅವಳಿಗೇ ಗೊತ್ತಾಗಲಿಲ್ಲ.

ಇಬ್ಬರೂ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತರು. ಎಲ್ಲರ ಬ್ಯಾಗುಗಳೂ ಒಂದೊಂದಾಗಿ ಅವರ ಕಾಲ ಬುಡಕ್ಕೆ ಬಂದು ಬಿದ್ದವು. ರೈಲು ಮೆಲ್ಲಗೆ ಮೇಲೇರಿತು. ತುದಿಯಲ್ಲಿ ನಿಂತಿತು. ಬೆಣ್ಣೆ ಉಸಿರು ಬಿಗಿಹಿಡಿದಳು. ಆಮೇಲೆ ಆ ಕಿರುಚಾಟ. ಇಷ್ಟು ಹತ್ತಿರದಿಂದ ಕೇಳಿದರೆ ಯಾರ ದನಿ ಯಾವುದು ಎಂದು ಕೂಡ ಗೊತ್ತಾಗುತ್ತಿತ್ತು.

“ನಂಗೆ ಭಯ ಆಯ್ತು,” ಎಂದಳು ಏಣಿ, ಬ್ಯಾಗುಗಳನ್ನು ನೋಡುತ್ತಾ.

“ಅದಕ್ಕೆ ನನ್ನ ಕಾಲಿನ ಮೇಲೆ ಹಾಕಿದ್ಯಾ?” ಬೆಣ್ಣೆ ಅವಳ ಕಡೆ ತಿರುಗಿದಳು. “ಮೇಲಿನವರೆಗೂ ಬಂದಿತ್ತು ಕಣೇ ನನ್ನ ಕಾಲು!”

“ಏಣಿಗೆ ಎತ್ತರ ಅಂದ್ರೆ ಭಯ ಅಂತ ಗೊತ್ತಾದ್ರೆ ರಾಕೆಟ್ ಸುಮ್ನೆ ಬಿಡ್ತಾನಾ?”

“ಬೆಣ್ಣೆಗೆ ಕಾಲು ನೋವು ಅಂದ್ರೆ ಬಿಡ್ತಾನಾ?”

ಬೆಣ್ಣೆ ಮುಖ ಆಚೆ ತಿರುಗಿಸಿ ಯೂನಿಫಾರ್ಮಿನ ತೋಳಿಗೆ ಕಣ್ಣು ಒರೆಸಿಕೊಂಡಳು. ಗುಡ್ಡ ಇಳಿಯುವಾಗ ಏಣಿಯ ಕೈ ಬಿಟ್ಟು ಬೇಲಿಯ ಕಂಬಿ ಹಿಡಿದು ನಡೆದಳು.

ಬಸ್ಸು ಹತ್ತಿದ ಮೇಲೂ ಕ್ಲಾಸಿನ ಬಾಯಲ್ಲಿ ಹದ್ದು, ಹದ್ದು, ಹದ್ದು. ರಾಕೆಟ್ ಸೀಟಿನ ಮೇಲೆ ಮಂಡಿಯೂರಿ ಹಿಂದೆ ತಿರುಗಿದ.

“ಬೆಣ್ಣೆ ಕರಗಿದ್ದಕ್ಕೆ ಏಣಿಗೂ ರೈಡ್ ಹೋಯ್ತು! ಪಾಪ ಏಣಿ!”

ಏಣಿ ಎದ್ದು ನಿಂತಳು. ಅವಳ ತಲೆ ಬಸ್ಸಿನ ಕಂಬಿಗೆ ತಗುಲಿತು.

“ಅವಳಿಂದ ಅಲ್ಲ. ನಂಗೆ ಹೆದರಿಕೆ ಆಯ್ತು. ಅದಕ್ಕೆ ಹೋಗ್ಲಿಲ್ಲ. ಅವಳು ನಂಗೋಸ್ಕರ ಕೂತಿದ್ದು.”

ರಾಕೆಟ್ “ಏಣಿ ಅಲ್ಲಾಡ್ತು! ಏಣಿ ಅಲ್ಲಾಡ್ತು!” ಎಂದು ಕುಣಿದ. ಮಿಸ್ ಗದರುವವರೆಗೂ ಎಲ್ಲರೂ ನಕ್ಕರು. ಏಣಿ ಕೆಂಪಾದ ಮುಖದಲ್ಲೇ ಕೂತಳು. ಕೂತು, ತೊಡೆ ತಟ್ಟಿ, “ಕಾಲು ಕೊಡು,” ಎಂದಳು.

ಬೆಣ್ಣೆ ನಿಧಾನವಾಗಿ ಶೂ ಬಿಚ್ಚಿ, ಕಿಟಕಿಗೆ ಬೆನ್ನು ಆನಿಸಿ, ಎಡಗಾಲನ್ನು ಅವಳ ತೊಡೆಯ ಮೇಲಿಟ್ಟಳು.

“ಇಲ್ಲೇನಾ?” ಏಣಿ ಅಂಗಾಲು ಒತ್ತಿ ಕೇಳಿದಳು.

“ಇನ್ನೂ ಕೆಳಗೆ. ಹಾಂ. ಅಲ್ಲೇ.”

ಬಸ್ಸು ರಸ್ತೆಗಿಳಿದು ತಿರುಗಿತು. ಕತ್ತು ಹೊರಳಿಸಿದರೆ ದೂರದಲ್ಲಿ ಹದ್ದಿನ ಹಳಿ ಇನ್ನೂ ಕಾಣುತ್ತಿತ್ತು, ದಾರದ ಎಳೆಯಷ್ಟು. ಬೆಣ್ಣೆ ಅದನ್ನೇ ನೋಡಿದಳು.

“ಅಲ್ಲಿ ಮೇಲೆ ಹೇಗಿರುತ್ತೆ ಅನ್ಕೊಂಡಿದ್ದೀಯ?” ಏಣಿ ಮೆಲ್ಲಗೆ ಕೇಳಿದಳು. ಅವಳು ತಲೆ ಎತ್ತಿರಲಿಲ್ಲ. ಹೆಬ್ಬೆರಳಿನಿಂದ ಅಂಗಾಲು ಒತ್ತುತ್ತಿದ್ದಳು. “ಗಾಳಿ ಜೋರಾಗಿರುತ್ತಾ?”

ಬೆಣ್ಣೆ ಅವಳ ಮುಖ ನೋಡಿದಳು. ಹೆದರಿದವರಿಗೆ ಆಸೆ ಇರುವುದಿಲ್ಲ ಎಂದೇ ಅವಳು ಇಷ್ಟು ಹೊತ್ತು ತಿಳಿದಿದ್ದಳು.

“ಕಣ್ಣು ಮುಚ್ಕೋ,” ಎಂದಳು. “ಹತ್ತಿದೀವಿ ಅನ್ಕೋ. ಬೆಲ್ಟ್ ಹಾಕಿದ್ರು. ಈಗ ಹೊರಡ್ತು. ಮೊದ್ಲು ನಿಧಾನ. ಕಟ ಕಟ ಕಟ.”

“ತುಂಬಾ ನಿಧಾನಾನಾ?”

“ನನಗಿಂತ ನಿಧಾನ.”

ಏಣಿ ಕಣ್ಣು ಮುಚ್ಚಿಕೊಂಡೇ ಕಿಸಕ್ಕನೆ ನಕ್ಕಳು.

“ಕಟ ಕಟ ಕಟ. ಮರಗಳೆಲ್ಲ ಕೆಳಗೆ ಹೋದವು. ಈಗ ಗಾಳಿ ಬಂತು. ತಂಪಾಗಿದೆ. ಈಗ ತುದಿ. ನಿಲ್ತು. ಕೆಳಗೆ ನಮ್ಮ ಬಸ್ಸು ಬೆಂಕಿಪೊಟ್ಟಣದಷ್ಟೇ...”

“ಅಯ್ಯೋ, ನಾನು ಕೆಳಗೆ ನೋಡಲ್ಲ.”

“ಬೇಡ. ದೂರ ನೋಡು. ದೂರದಲ್ಲಿ ಬರೀ ಆಕಾಶ.” ಬೆಣ್ಣೆ ದನಿ ತಗ್ಗಿಸಿದಳು. “ಇಳಿಸ್ಲಾ?”

“ತಾಳು. ಸ್ವಲ್ಪ ತಾಳು.”

ಬೆಣ್ಣೆ ತಾಳಿದಳು. ಕಿಟಕಿಯಾಚೆ ಮನೆಗಳು ಶುರುವಾದವು. ಕೆಂಪು ದಾರ ಅವುಗಳ ಹಿಂದೆ ಎಲ್ಲೋ ಮರೆಯಾಯಿತು. ಅವಳಿಗೆ ಯಾವ ಅವಸರವೂ ಇರಲಿಲ್ಲ.

“ಹ್ಞೂಂ,” ಎಂದಳು ಏಣಿ, ಬೆಣ್ಣೆಯ ಪಾದವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು. “ಈಗ.”