ಸದ್ದಿಗೆಂದು ತುಂಬಿದ ಮದ್ದು

ಕಾಂತೇಶನ ಮಗ ಉಜ್ವಲ್‌ನನ್ನು ಕಾಡುಹಂದಿ ಎಂದುಕೊಂಡು ಹೊಡೆದ ಸೋಮನಾಥ, ಹೆಣದ ಮುಂದೆ ನಿಂತು ಒಂದು ಮಾತೂ ಆಡಲಿಲ್ಲ. ಪೊಲೀಸರು ಆಕಸ್ಮಿಕವೆಂದು ಬರೆದುಕೊಂಡು ಹೋದರು. ಕಾಂತೇಶ ಅದನ್ನಾದರೂ ನುಂಗಿಕೊಂಡ. ಆ ಮೌನವನ್ನು ನುಂಗಲಾಗಲಿಲ್ಲ.

ನರಸಿಂಹರಾಜಪುರದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಅವನು ಸೇಡಿಗೆ ದಾರಿ ಹುಡುಕಬೇಕಾಗಿರಲಿಲ್ಲ. ಬಾಳೆಹೊನ್ನೂರಿನ ಹತ್ತಿರ ಸೋಮನಾಥನ ಮನೆಯಲ್ಲಿ ಕೈಯಲ್ಲೇ ಮದ್ದು ತುಂಬಿ ಹೊಡೆಯುವ, ಬ್ರಿಟಿಷರ ಕಾಲದ ಕೇಪಿನ ರಿವಾಲ್ವರ್ ಒಂದಿತ್ತು. ಆಯುಧಪೂಜೆಯ ಮಂಗಳಾರತಿಯಾದ ಮೇಲೆ ಮನೆಯ ಯಜಮಾನ ಅದರಿಂದ ಒಂದು ಸದ್ದು ಹೊಡೆಯಬೇಕು. ಗುಂಡಿಲ್ಲ, ಬರೀ ಮದ್ದು. ತುಂಬಿಕೊಡುವುದು ಕಾಂತೇಶನ ಕೆಲಸ. ಹಿಂದಿನವರು ಗುಂಡು ಹಾರಿಸಲು ತುಂಬುತ್ತಿದ್ದ ಕಪ್ಪು ಮದ್ದಿಗೆ ಹಿತ್ತಾಳೆಯ ಅಳತೆಯಿತ್ತು. ಸದ್ದಿಗೆ ಅದರಲ್ಲಿ ಅರ್ಧ ಸಾಕು. ಹಳೇ ಕಬ್ಬಿಣ ತಾಳುವುದೂ ಅಷ್ಟೇ.

ಸಾವಿನ ವರ್ಷ ಸದ್ದು ನಿಂತಿತ್ತು. ಈ ಸಲ ತುಂಬಿಕೊಡುತ್ತೇನೆಂದು ಕಾಂತೇಶ ತಾನೇ ಹೇಳಿಕಳಿಸಿದಾಗ ಜನ ಅವನ ದೊಡ್ಡ ಮನಸ್ಸನ್ನು ಹೊಗಳಿದರು. ಅವನು ಕಪ್ಪು ಮದ್ದಿಗಿಂತ ಎಷ್ಟೋ ಪಟ್ಟು ಜೋರಿನ ಈಗಿನ ತೋಟೆಯ ಮದ್ದನ್ನು, ಹೊಡೆದವನ ಕೈಯಲ್ಲೇ ರಿವಾಲ್ವರ್ ಸಿಡಿಯುವಷ್ಟು ಬಿಗಿಯಾಗಿ ಜಡಿದು, ಬಣ್ಣದಲ್ಲಿ ಗೊತ್ತಾಗದಿರಲೆಂದು ಮೇಲೆ ಚಿಟಿಕೆ ಕಪ್ಪು ಮದ್ದು ಉದುರಿಸಿದ. ಆ ಕಬ್ಬಿಣಕ್ಕೆ ವಯಸ್ಸಾಯಿತೆಂದು ಮಳೆಗಾಲದಿಂದಲೇ ಅಂಗಡಿಗೆ ಬಂದವರಿಗೆಲ್ಲ ಹೇಳಿಟ್ಟಿದ್ದ. ನಾಳೆ ಅವರೇ ಸಾಕ್ಷಿ. ಮಗಳು ಮೇಘನಳನ್ನೂ ಪೂಜೆಗೆ ಕರೆದುಕೊಂಡು ಹೋದ. ಕೊಲ್ಲಲು ಹೊರಟವನು ಉಳಿದೊಬ್ಬ ಮಗಳನ್ನು ಕರೆತರುತ್ತಾನೆಯೇ? ಅವಳನ್ನು ಜಗಲಿಯಲ್ಲಿ ಹೆಂಗಸರ ನಡುವೆ ಕೂರಿಸಿ, ತಾನು ಅಂಗಳದ ತುದಿಗೆ ಸರಿದು ನಿಂತ.

ಆರತಿ ಮುಗಿಯಿತು. ಸೋಮನಾಥ ರಿವಾಲ್ವರನ್ನು ತಟ್ಟೆಯ ಸಮೇತ ಎತ್ತಿ, ಜಗಲಿ ಹತ್ತಿ, ಮೇಘನಳ ಮುಂದೆ ಹಿಡಿದ.

“ನಿಮ್ಮಣ್ಣನ ಹೆಸರಲ್ಲಿ ನೀನೇ ಹೊಡಿ ಮಗಾ.”

ಅವಳ ಕಣ್ಣು ತುಂಬಿತು. ಅಂಗಳಕ್ಕಿಳಿದು ಎರಡೂ ಕೈಯಲ್ಲಿ ರಿವಾಲ್ವರನ್ನು ಆಕಾಶಕ್ಕೆ ಎತ್ತಿದಳು.

“ಇಡೇ ಕೆಳಗೆ. ಸಿಡೀತದೆ ಅದು.” ತನ್ನದೇ ಕೂಗು ಕಾಂತೇಶನಿಗೆ ಬೇರೆ ಯಾರದೋ ಎನಿಸಿತು.

ಅಂಗಳವೆಲ್ಲ ಅವನತ್ತ ತಿರುಗಿತು. ಮೇಘನ ಮೆಲ್ಲಗೆ ಅದನ್ನು ತುಳಸಿಕಟ್ಟೆಯ ಮೇಲಿಟ್ಟಳು. “ನೀವೇ ತುಂಬಿದ್ದಲ್ವಾ ಅಪ್ಪ?”

ಸೋಮನಾಥ ಅವಳಿಗೆ ಅಡ್ಡ ಬಂದು ನಿಂತ. ದನಿಯಲ್ಲಿ ಸಿಟ್ಟಿರಲಿಲ್ಲ. “ನಂಗೇ ಅಂತ ತುಂಬಿದ್ರೆ ದಂಡ ಆಯ್ತಲ್ಲ ಕಾಂತೇಶಣ್ಣ. ಹುಡುಗನ್ನ ಮಣ್ಣು ಮಾಡಿದ ಮಾರನೇ ದಿನವೇ ಶೃಂಗೇರಿಗೆ ಹೋಗಿ, ಇನ್ನು ಕೋವಿ ಮುಟ್ಟಲ್ಲ ಅಂತ ಕೈಮುಗಿದು ಬಂದಿದ್ದೆ. ನಿಮ್ಮ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ.” ಮದ್ದು, ಕಬ್ಬಿಣ, ಜನರ ಬಾಯಿ, ಎಲ್ಲವನ್ನೂ ತೂಗಿ ನೋಡಿದ್ದ ಕಾಂತೇಶ, ಉಜ್ವಲ್ ಸತ್ತ ಮೇಲೆ ಸೋಮನಾಥ ಕೋವಿ ಹಿಡಿದದ್ದನ್ನು ಕಂಡವರಿದ್ದಾರೆಯೇ ಎಂದು ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ.